‘ಹೂ’, ‘ವಿಚ್’, ‘ದಟ್’, ‘ವೇರ್’: ಯಾವ ವಾಕ್ಯಕ್ಕೆ ಯಾವುದು?

“ನಿನ್ನೆ ಬಂದ ಹುಡುಗ” ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ “ದಿ ಬಾಯ್ ಹೂ ಕೇಮ್ ಯೆಸ್ಟರ್ಡೇ” ಅನ್ನಬೇಕು. ನಮ್ಮಲ್ಲಿ ಇಲ್ಲದ ಒಂದು ಪದ ಅಲ್ಲಿ ಮಧ್ಯೆ ಬಂದು ಕೂತಿದೆ: ‘ಹೂ’. ಶಾಲೆಯಲ್ಲಿ ಇದನ್ನು ರಿಲೇಟಿವ್ ಪ್ರೊನೌನ್ ಅಂತ ಕಲಿಸುತ್ತಾರೆ. ‘ಹೂ’, ‘ಹೂಮ್’, ‘ಹೂಸ್’, ‘ವಿಚ್’, ‘ದಟ್’ ಮುಖ್ಯವಾದವು. ‘ವೇರ್’, ‘ವೆನ್’, ‘ವಾಟ್’ ಕೂಡ ಇದೇ ಥರದ ಕೆಲಸಕ್ಕೆ ಬರುತ್ತವೆ.

ಮನುಷ್ಯರಿಗೆ ‘ಹೂ’, ವಸ್ತುಗಳಿಗೆ ‘ವಿಚ್’ ಅನ್ನುವುದು ಎಲ್ಲರಿಗೂ ಗೊತ್ತು. ಆದರೂ ಬರೆಯಲು ಕೂತಾಗ ತಡವರಿಸುತ್ತೇವೆ. ಕಾರಣ ಇಷ್ಟೇ: ಕನ್ನಡ ಈ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತದೆ. ಮಾಡುವ, ಮಾಡಿದ, ಮಾಡದ ಅನ್ನುವಂಥ ಕೃದಂತವನ್ನು ಹೆಸರಿಗಿಂತ ಮೊದಲು ಇಟ್ಟರೆ ನಮ್ಮ ಕೆಲಸ ಮುಗಿಯಿತು. ಹಾಗೆ ಇಡುವಾಗ ವಿಭಕ್ತಿ ಮಾಯವಾಗುತ್ತದೆ. ಈ ನಾಲ್ಕನ್ನು ನೋಡಿ: ಓದಿದ ಹುಡುಗಿ, ಓದಿದ ಪುಸ್ತಕ, ಓದಿದ ಶಾಲೆ, ಓದಿದ ವರ್ಷ. ನಾಲ್ಕಕ್ಕೂ ಒಂದೇ ‘ಓದಿದ’ ಸಾಕಾಯಿತು. ಆದರೆ ಹುಡುಗಿ ಓದಿದವಳು, ಪುಸ್ತಕ ಓದಿಸಿಕೊಂಡದ್ದು, ಶಾಲೆ ಓದಿದ ಜಾಗ, ವರ್ಷ ಓದಿದ ಕಾಲ. ಈ ವ್ಯತ್ಯಾಸವನ್ನು ಕೇಳುವವರು ತಾವೇ ತಿಳಿದುಕೊಳ್ಳುತ್ತಾರೆ. ಇಂಗ್ಲಿಷ್ ಅದನ್ನು ಕೇಳುವವರಿಗೆ ಬಿಡುವುದಿಲ್ಲ, ಬಾಯಿಬಿಟ್ಟು ಹೇಳು ಅನ್ನುತ್ತದೆ. ಹಾಗಾಗಿ ಹುಡುಗಿಗೆ ‘ಹೂ’, ಪುಸ್ತಕಕ್ಕೆ ‘ದಟ್’ ಅಥವಾ ‘ವಿಚ್’, ಶಾಲೆಗೆ ‘ವೇರ್’, ವರ್ಷಕ್ಕೆ ‘ವೆನ್’.

ಹಾಗಾಗಿ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಒಂದು ಅಭ್ಯಾಸ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಮನಸ್ಸಿನಲ್ಲಿ ಬಂದ ಕನ್ನಡದ ಮಾತನ್ನು ಪೂರ್ತಿ ವಾಕ್ಯವಾಗಿ ಬಿಡಿಸಿ. “ನಾನು ಓದಿದ ಶಾಲೆ” ಅನ್ನುವುದು “ನಾನು ಆ ಶಾಲೆಯಲ್ಲಿ ಓದಿದೆ” ಆಗುತ್ತದೆ. ಈಗ ‘ಅಲ್ಲಿ’ ಹೊರಗೆ ಬಂತು. ಯಾವ ಪದ ಬೇಕು ಅಂತ ಹೇಳುವುದು ಆ ವಿಭಕ್ತಿಯೇ. ಕೆಳಗಿನ ಹೋಲಿಕೆಗಳಲ್ಲಿ ಬಹುಪಾಲು ಈ ಒಂದು ಅಭ್ಯಾಸದ ಮೇಲೇ ನಿಂತಿವೆ.

‘ಹೂ’ ಅಥವಾ ‘ಹೂಮ್’?

ಇಂಗ್ಲಿಷ್ ಮನೆಮಾತಾಗಿರುವವರೂ ಇಲ್ಲಿ ಎಡವುತ್ತಾರೆ. ಅವರ ಭಾಷೆಯಲ್ಲಿ ವಿಭಕ್ತಿ ಬಹುತೇಕ ಸವೆದುಹೋಗಿದೆ. ನಮ್ಮಲ್ಲಿ ಅದು ಜೀವಂತವಾಗಿದೆ. ‘ಅವನು’ ಮತ್ತು ‘ಅವನನ್ನು’ ಬೇರೆ ಬೇರೆ ಅಂತ ಯಾರೂ ನಮಗೆ ಕಲಿಸಬೇಕಾಗಿಲ್ಲ. ಇದು ನಮಗಿರುವ ದೊಡ್ಡ ಅನುಕೂಲ, ಬಳಸಿಕೊಳ್ಳಬೇಕು.

ಬಿಡಿಸಿದಾಗ ‘ಅವನು, ಅವಳು, ಅವರು’ ಬಂದರೆ ‘ಹೂ’. ‘ಅವನನ್ನು, ಅವಳಿಗೆ, ಅವರ ಜೊತೆ’ ಅಂತ ಬಂದರೆ ‘ಹೂಮ್’. “ನಾವು ಆರಿಸಿದ ಅಭ್ಯರ್ಥಿ” ಅಂದರೆ “ನಾವು ಅವರನ್ನು ಆರಿಸಿದೆವು”. ಹಾಗಾಗಿ “ದಿ ಕ್ಯಾಂಡಿಡೇಟ್ ಹೂಮ್ ವಿ ಸೆಲೆಕ್ಟೆಡ್”. “ನಮ್ಮನ್ನು ಆರಿಸಿದ ಅಧಿಕಾರಿ” ಅಂದರೆ “ಅವರು ನಮ್ಮನ್ನು ಆರಿಸಿದರು”. ಅಲ್ಲಿ “ದಿ ಆಫೀಸರ್ ಹೂ ಸೆಲೆಕ್ಟೆಡ್ ಅಸ್”.

ಒಂದು ಬಲೆ ಇದೆ, ಹುಷಾರು. “ನಾನು ಮ್ಯಾನೇಜರ್ ಅಂದುಕೊಂಡಿದ್ದ ವ್ಯಕ್ತಿ” ಅನ್ನುವುದಕ್ಕೆ “ದಿ ಮ್ಯಾನ್ ಹೂಮ್ ಐ ಥಾಟ್ ವಾಸ್ ದಿ ಮ್ಯಾನೇಜರ್” ಅಂತ ಬರೆಯುವವರು ಬಹಳ ಜನ. ‘ಹೂಮ್’ ಹಾಕಿದರೆ ಗಂಭೀರವಾಗಿ ಕೇಳಿಸುತ್ತದೆ ಅನ್ನುವ ಭಾವನೆ. ಬಿಡಿಸಿ ನೋಡಿ: “ಅವನು ಮ್ಯಾನೇಜರ್ ಅಂತ ಅಂದುಕೊಂಡಿದ್ದೆ.” ಬಂದದ್ದು ‘ಅವನು’. ಆದ್ದರಿಂದ “ಹೂ ಐ ಥಾಟ್ ವಾಸ್ ದಿ ಮ್ಯಾನೇಜರ್” ಸರಿ. ಮಧ್ಯದ ‘ಐ ಥಾಟ್’ ಅನ್ನು ಬೆರಳಿಟ್ಟು ಮುಚ್ಚಿ ಓದಿದರೂ ಉತ್ತರ ಸಿಗುತ್ತದೆ.

ಮಾತಿನಲ್ಲಿ ‘ಹೂಮ್’ ಕಡಿಮೆಯಾಗುತ್ತಾ ಬಂದಿದೆ. ಸ್ನೇಹಿತರ ಜೊತೆ “ದಿ ಗರ್ಲ್ ಹೂ ಐ ಮೆಟ್” ಅಂದರೆ ಯಾರೂ ತಪ್ಪು ಅನ್ನುವುದಿಲ್ಲ. ಅರ್ಜಿ, ಪರೀಕ್ಷೆ, ಕಚೇರಿ ಪತ್ರ ಇವುಗಳಲ್ಲಿ ‘ಹೂಮ್’ ಉಳಿಸಿಕೊಳ್ಳುವುದು ಒಳ್ಳೆಯದು. ‘ಟು’, ‘ವಿತ್’, ‘ಫಾರ್’ ಇವುಗಳ ನಂತರವೇ ಬಂದರಂತೂ ‘ಹೂಮ್’ ಬಿಟ್ಟು ಬೇರೆ ದಾರಿ ಇಲ್ಲ: “ದಿ ಪರ್ಸನ್ ಟು ಹೂಮ್ ಐ ಸ್ಪೋಕ್”.

ಕಾಮಾ ಬೇಕಾ, ಬೇಡವಾ?

ನನ್ನ ಪ್ರಕಾರ ಇದು ಎಲ್ಲಕ್ಕಿಂತ ಮುಖ್ಯವಾದ ಆಯ್ಕೆ. ಉಳಿದ ತಪ್ಪುಗಳು ಕಿವಿಗೆ ಚುಚ್ಚುತ್ತವೆ, ಆದರೂ ಅರ್ಥ ಉಳಿಯುತ್ತದೆ. ಕಾಮಾ ತಪ್ಪಿದರೆ ಅರ್ಥವೇ ಬೇರೆ.

“ಮಂಡ್ಯದಲ್ಲಿರುವ ನನ್ನ ಅಕ್ಕ” ಅಂತ ಕನ್ನಡದಲ್ಲಿ ಹೇಳಿದರೆ ನಿಮಗೆ ಒಬ್ಬಳೇ ಅಕ್ಕನೋ ಇಬ್ಬರೋ ಗೊತ್ತಾಗುವುದಿಲ್ಲ. ಇಂಗ್ಲಿಷ್ ಬರಹದಲ್ಲಿ ಗೊತ್ತಾಗುತ್ತದೆ. “ಮೈ ಸಿಸ್ಟರ್ ಹೂ ಲಿವ್ಸ್ ಇನ್ ಮಂಡ್ಯ” ಅಂತ ಕಾಮಾ ಇಲ್ಲದೆ ಬರೆದರೆ ಬೇರೆ ಅಕ್ಕಂದಿರೂ ಇದ್ದಾರೆ, ನಾನು ಹೇಳುತ್ತಿರುವುದು ಮಂಡ್ಯದವಳ ವಿಷಯ ಅಂತ. “ಮೈ ಸಿಸ್ಟರ್, ಹೂ ಲಿವ್ಸ್ ಇನ್ ಮಂಡ್ಯ,” ಅಂತ ಎರಡು ಕಡೆ ಕಾಮಾ ಹಾಕಿದರೆ ಇರುವುದು ಒಬ್ಬಳೇ ಅಕ್ಕ, ಅಂದ ಹಾಗೆ ಅವಳು ಮಂಡ್ಯದಲ್ಲಿದ್ದಾಳೆ ಅಂತ. ಮೊದಲನೆಯದು ಗುರುತು ಹಿಡಿಯಲು ಬೇಕೇಬೇಕಾದ ಮಾಹಿತಿ. ಎರಡನೆಯದು ಜೊತೆಗೆ ಸೇರಿಸಿದ ಮಾಹಿತಿ, ತೆಗೆದರೂ ವಾಕ್ಯ ನಿಲ್ಲುತ್ತದೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಜ್ಞಾನಪೀಠ ಪಡೆದ ಕನ್ನಡ ಲೇಖಕರು 8 ಜನ. “ಕನ್ನಡ ರೈಟರ್ಸ್ ಹೂ ಹ್ಯಾವ್ ವನ್ ದಿ ಜ್ಞಾನಪೀಠ” ಅಂತ ಬರೆದರೆ ಆ 8 ಜನರ ಬಗ್ಗೆ ಮಾತು. ‘ಹೂ’ಗಿಂತ ಮೊದಲು ಒಂದು ಕಾಮಾ ಹಾಕಿಬಿಟ್ಟರೆ ಕನ್ನಡದ ಲೇಖಕರೆಲ್ಲರೂ ಜ್ಞಾನಪೀಠ ಪಡೆದವರು ಅಂತ ಅರ್ಥ ಬರುತ್ತದೆ! ವಿಲ್, ಕ್ರಯಪತ್ರ, ಬಾಡಿಗೆ ಕರಾರು ಇಂಥ ಕಾಗದಗಳಲ್ಲಿ ಇದು ಇನ್ನೂ ಸೂಕ್ಷ್ಮ. “ದಿ ಸೈಟ್ಸ್ ವಿಚ್ ಆರ್ ಇನ್ ಹಾಸನ” ಅಂದರೆ ಹಾಸನದಲ್ಲಿರುವ ಸೈಟುಗಳು ಮಾತ್ರ. ಕಾಮಾ ಬಂದರೆ ಇರುವ ಎಲ್ಲ ಸೈಟುಗಳೂ ಹಾಸನದಲ್ಲೇ ಇವೆ ಅಂದಂತಾಯಿತು. ಸಹಿ ಹಾಕುವ ಮೊದಲು ಇಂಥ ಕಡೆ ನಿಂತು ಎರಡು ಸಲ ಓದಬೇಕು.

ತೀರ್ಮಾನ ಮಾಡುವುದು ಹೇಗೆ? ಕನ್ನಡದಲ್ಲಿ ಎರಡು ರೀತಿ ಹೇಳಿ ನೋಡಿ. “ಯಾವ ಅಕ್ಕ?” ಅನ್ನುವ ಪ್ರಶ್ನೆಗೆ ಉತ್ತರ ಆಗಿದ್ದರೆ ಕಾಮಾ ಬೇಡ. “ಅಂದ ಹಾಗೆ” ಅಂತ ಸೇರಿಸಿ ಹೇಳುವಂತಿದ್ದರೆ ಎರಡೂ ಕಡೆ ಕಾಮಾ. ಅಂಕಿತನಾಮಕ್ಕೆ ಬಹುತೇಕ ಯಾವಾಗಲೂ ಕಾಮಾ ಬೇಕು, ಯಾಕೆಂದರೆ ಹೆಸರು ಹೇಳಿದ ಕೂಡಲೇ ಗುರುತು ಸಿಕ್ಕಿತು: “ಜೋಗ್ ಫಾಲ್ಸ್, ವಿಚ್ ಈಸ್ ಆನ್ ದಿ ಶರಾವತಿ, ...”, “ಕುವೆಂಪು, ಹೂ ವಾಸ್ ಬಾರ್ನ್ ಇನ್ 1904, ...”. ಶುರುವಿನ ಕಾಮಾ ಹಾಕಿ ಕೊನೆಯದನ್ನು ಮರೆಯುವುದು ತುಂಬಾ ಸಾಮಾನ್ಯ. ಅವು ಜೋಡಿ, ಬಿಡಿಯಾಗಿ ಬರುವುದಿಲ್ಲ.

‘ದಟ್’ ಅಥವಾ ‘ವಿಚ್’?

ಕಾಮಾ ವಿಷಯ ಇತ್ಯರ್ಥ ಆದರೆ ಇದು ಸುಲಭ. ಕಾಮಾ ಇದ್ದರೆ ‘ವಿಚ್’ ಮಾತ್ರ. “ಮೈ ಬೈಕ್, ದಟ್ ಐ ಬಾಟ್ ಲಾಸ್ಟ್ ಇಯರ್,” ತಪ್ಪು. ಕಾಮಾ ಇಲ್ಲದಿದ್ದರೆ ಎರಡೂ ನಡೆಯುತ್ತವೆ.

ಹಾಗಾದರೆ ಕಾಮಾ ಇಲ್ಲದ ಕಡೆ ‘ವಿಚ್’ ಹಾಕಿದಾಗ ವರ್ಡ್‌ನಂಥ ಸಾಫ್ಟ್‌ವೇರ್ ಯಾಕೆ ಗೆರೆ ಎಳೆಯುತ್ತದೆ? ಅದಕ್ಕೊಂದು ಇತಿಹಾಸ ಇದೆ. ಇಂಗ್ಲೆಂಡಿನ ಎಚ್. ಡಬ್ಲ್ಯು. ಫೌಲರ್ 1926ರಲ್ಲಿ ಪ್ರಕಟಿಸಿದ ತಮ್ಮ ಬಳಕೆಯ ನಿಘಂಟಿನಲ್ಲಿ ಒಂದು ಸಲಹೆ ಕೊಟ್ಟರು. ಗುರುತು ಹಿಡಿಯುವ ಕಡೆ ‘ದಟ್’, ಸೇರಿಸಿ ಹೇಳುವ ಕಡೆ ‘ವಿಚ್’ ಅಂತ ಹಂಚಿಕೊಂಡರೆ ಚೆನ್ನಾಗಿರುತ್ತದೆ ಅಂದರು. ಒಳ್ಳೆಯ ಬರಹಗಾರರೆಲ್ಲ ಹಾಗೆ ಮಾಡುತ್ತಿಲ್ಲ ಅನ್ನುವುದನ್ನು ಅವರೇ ಅಲ್ಲಿ ಒಪ್ಪಿಕೊಂಡಿದ್ದಾರೆ. ಅಮೆರಿಕದ ಸಂಪಾದಕರು ಈ ಸಲಹೆಯನ್ನು ನಿಯಮದಂತೆ ಪಾಲಿಸುತ್ತಾ ಬಂದರು. ಬ್ರಿಟನ್ನಿನಲ್ಲಿ ಅಷ್ಟು ಬಿಗಿ ಇಲ್ಲ. ಅಮೆರಿಕದಲ್ಲೂ ಎಲ್ಲರೂ ಪಾಲಿಸಿದ್ದಾರೆ ಅಂತಲ್ಲ. 1941ರ ಡಿಸೆಂಬರ್ 8ರಂದು, ಪರ್ಲ್ ಹಾರ್ಬರ್ ದಾಳಿಯ ಮರುದಿನ, ಅಧ್ಯಕ್ಷ ರೂಸ್‌ವೆಲ್ಟ್ ತಮ್ಮ ಭಾಷಣದಲ್ಲಿ ಅಂದದ್ದು “ಎ ಡೇಟ್ ವಿಚ್ ವಿಲ್ ಲಿವ್ ಇನ್ ಇನ್ಫಮಿ”. ಕಾಮಾ ಇಲ್ಲದ ‘ವಿಚ್’ ಅದು, ಮತ್ತು ಅದು ತಪ್ಪಲ್ಲ.

ನನ್ನ ಸಲಹೆ: ಅಮೆರಿಕದ ಕಂಪನಿಗೆ ಅಥವಾ ವಿಶ್ವವಿದ್ಯಾಲಯಕ್ಕೆ ಬರೆಯುತ್ತಿದ್ದರೆ ಕಾಮಾ ಇಲ್ಲದ ಕಡೆ ‘ದಟ್’ ಹಾಕಿ. ನಮ್ಮಲ್ಲಿನ ಶಾಲೆ, ಕಚೇರಿ, ಪತ್ರಿಕೆಗಳಿಗಾದರೆ ಎರಡರಲ್ಲಿ ಯಾವುದಾದರೂ ಸರಿ. ಸಾಫ್ಟ್‌ವೇರ್ ಗೆರೆ ಎಳೆಯಿತು ಅಂತ ಗಾಬರಿಯಾಗಿ ಬದಲಾಯಿಸಬೇಕಾಗಿಲ್ಲ.

ಕೆಲವು ಕಡೆ ಮಾತ್ರ ‘ದಟ್’ ಕಡೆಗೇ ಒಲವು ಜಾಸ್ತಿ. ‘ಆಲ್’, ‘ಎವ್ರಿಥಿಂಗ್’, ‘ನಥಿಂಗ್’, ‘ದಿ ಓನ್ಲಿ’, ‘ದಿ ಬೆಸ್ಟ್’ ಇವುಗಳ ನಂತರ ‘ವಿಚ್’ ಅಷ್ಟು ಹೊಂದುವುದಿಲ್ಲ. “ಹೊಳೆಯುವುದೆಲ್ಲ ಚಿನ್ನವಲ್ಲ” ಅನ್ನುವುದಕ್ಕೆ “ಆಲ್ ದಟ್ ಗ್ಲಿಟರ್ಸ್ ಈಸ್ ನಾಟ್ ಗೋಲ್ಡ್” ಅನ್ನುತ್ತಾರಲ್ವಾ, ಆ ಗಾದೆ ನೆನಪಿಟ್ಟುಕೊಂಡರೆ ಸಾಕು.

ಮನುಷ್ಯರಿಗೆ ‘ದಟ್’ ಬಳಸಬಹುದಾ? ಬಳಸಬಹುದು, “ದಿ ಮ್ಯಾನ್ ದಟ್ ಕೇಮ್” ಶುದ್ಧವಾದ ಇಂಗ್ಲಿಷೇ. ಆದರೆ ಬರಹದಲ್ಲಿ ‘ಹೂ’ ಹೆಚ್ಚು ಗೌರವವಾಗಿ ಕಾಣುತ್ತದೆ, ಅದನ್ನೇ ಆರಿಸಿಕೊಳ್ಳಿ. ಮನುಷ್ಯರಿಗೆ ‘ವಿಚ್’ ಮಾತ್ರ ಇಂದು ಬೇಡ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನ ಪ್ರಾರ್ಥನೆಯಲ್ಲಿ “ಅವರ್ ಫಾದರ್ ವಿಚ್ ಆರ್ಟ್ ಇನ್ ಹೆವನ್” ಅಂತ ದೇವರಿಗೇ ‘ವಿಚ್’ ಇದೆ. ಆ ಕಾಲದ ಬಳಕೆ ಅದು, ಈಗ ಉಳಿದಿಲ್ಲ.

‘ವೇರ್’, ‘ವಿಚ್’, ಅಥವಾ ‘ಇನ್ ವಿಚ್’?

ಕನ್ನಡಿಗರ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇಲ್ಲಿದೆ: “ದಿಸ್ ಈಸ್ ದಿ ಹೌಸ್ ವಿಚ್ ಐ ಲಿವ್.” ನೇರವಾಗಿ “ನಾನು ಇರುವ ಮನೆ” ಅನ್ನುವುದರಿಂದ ಬಂದದ್ದು. ಬಿಡಿಸಿದರೆ “ನಾನು ಆ ಮನೆಯಲ್ಲಿ ಇದ್ದೇನೆ”. ಆ ‘ಅಲ್ಲಿ’ ಇಂಗ್ಲಿಷಿನಲ್ಲಿ ಎಲ್ಲಾದರೂ ಕಾಣಲೇಬೇಕು. ಅದಕ್ಕೆ ಮೂರು ದಾರಿ ಇವೆ.

“ದಿ ಹೌಸ್ ವೇರ್ ಐ ಲಿವ್” ಎಲ್ಲ ಸಂದರ್ಭಕ್ಕೂ ಸರಿಹೋಗುತ್ತದೆ. “ದಿ ಹೌಸ್ ಐ ಲಿವ್ ಇನ್” ಮಾತಿನಲ್ಲಿ ತುಂಬಾ ಸಹಜ. “ದಿ ಹೌಸ್ ಇನ್ ವಿಚ್ ಐ ಲಿವ್” ಕಾನೂನಿನ ಕಾಗದಕ್ಕೆ, ಪ್ರಬಂಧಕ್ಕೆ ಚೆನ್ನ. ಆದರೆ ಎರಡು ದಾರಿಯನ್ನು ಬೆರೆಸಬಾರದು. “ವೇರ್ ಐ ಲಿವ್ ಇನ್” ಅಂದರೆ ‘ಅಲ್ಲಿ’ ಎರಡು ಸಲ ಬಂತು. “ಇನ್ ದಟ್ ಐ ಲಿವ್” ಕೂಡ ಆಗದು, ಪ್ರಿಪೊಸಿಷನ್ (‘ಇನ್’, ‘ಟು’, ‘ವಿತ್’ ಥರದ ಪದ) ಆದ ಮೇಲೆ ‘ದಟ್’ ಬರುವುದಿಲ್ಲ.

ವಾಕ್ಯದ ಕೊನೆಯಲ್ಲಿ ‘ಇನ್’, ‘ಟು’, ‘ವಿತ್’ ಬರಬಾರದು ಅಂತ ಅನೇಕರು ಶಾಲೆಯಲ್ಲಿ ಕೇಳಿದ್ದೀರಿ. ಆ ಆಕ್ಷೇಪ ಹಳೆಯದು. 17ನೇ ಶತಮಾನದಲ್ಲಿ ಕವಿ ಜಾನ್ ಡ್ರೈಡನ್ ಅದನ್ನು ಎತ್ತಿದ್ದರು. ಆಮೇಲೆ ಬಂದ ಎಷ್ಟೋ ವ್ಯಾಕರಣದ ಮೇಷ್ಟ್ರುಗಳು ಅದನ್ನು ಮುಂದುವರಿಸಿದರು. ಇಂದಿನ ವ್ಯಾಕರಣಕಾರರು ಅದನ್ನು ತಪ್ಪು ಅಂತ ಪರಿಗಣಿಸುವುದಿಲ್ಲ. “ದಿ ಟೀಚರ್ ಐ ಸ್ಪೋಕ್ ಟು” ಅನ್ನುವುದು ಪೂರ್ತಿ ಸರಿಯಾದ ಇಂಗ್ಲಿಷ್. ಮಾತಾಡುವಾಗ “ಟು ಹೂಮ್ ಐ ಸ್ಪೋಕ್” ಅಂದರೆ ಮಾತು ಸುಮ್ನೆ ಬಿಗಿಯಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಬಿಡಿಸುವ ಅಭ್ಯಾಸದಿಂದ ಇಲ್ಲೊಂದು ಪ್ರಿಪೊಸಿಷನ್ ಬೇಕು ಅಂತ ತಿಳಿಯುತ್ತದೆ, ಯಾವುದು ಅಂತ ತಿಳಿಯುವುದಿಲ್ಲ. “ಅರ್ಜಿ ಹಾಕಿದ ಕಂಪನಿ”, “ಅರ್ಜಿ ಹಾಕಿದ ಕೆಲಸ” ಎರಡನ್ನೂ ಬಿಡಿಸಿದರೆ ಕಂಪನಿಗೆ, ಕೆಲಸಕ್ಕೆ ಅಂತ ಒಂದೇ ವಿಭಕ್ತಿ. ಇಂಗ್ಲಿಷಿನಲ್ಲಿ “ದಿ ಕಂಪನಿ ಐ ಅಪ್ಲೈಡ್ ಟು”, “ದಿ ಜಾಬ್ ಐ ಅಪ್ಲೈಡ್ ಫಾರ್”. ಅದನ್ನು ತೀರ್ಮಾನಿಸುವುದು ಕ್ರಿಯಾಪದ. ಹೊಸ ಕ್ರಿಯಾಪದ ಕಲಿಯುವಾಗಲೇ ಅದರ ಜೊತೆ ಬರುವ ಪ್ರಿಪೊಸಿಷನ್ ಸೇರಿಸಿ ಕಲಿತರೆ ಮುಂದೆ ಕಷ್ಟ ಇಲ್ಲ.

ಊರು, ಮನೆ, ಶಾಲೆ ಅಂದ ಕೂಡಲೇ ‘ವೇರ್’ ಹಾಕುವುದೂ ತಪ್ಪೇ. “ಮೈಸೂರಿನಲ್ಲಿ ಓದಿದೆ” ಆದ್ದರಿಂದ “ಮೈಸೂರು, ವೇರ್ ಐ ಸ್ಟಡೀಡ್”. “ಮೈಸೂರನ್ನು ಇಷ್ಟಪಡುತ್ತೇನೆ” ಆದ್ದರಿಂದ “ಮೈಸೂರು, ವಿಚ್ ಐ ಲವ್”. ಊರು ಒಂದೇ, ವಿಭಕ್ತಿ ಬೇರೆ. ‘ವೆನ್’ ಕೂಡ ಹೀಗೇ: “ದಿ ಡೇ ವೆನ್ ವಿ ಮೆಟ್”, ಆದರೆ “ದಿ ಡೇ ದಟ್ ಐ ರಿಮೆಂಬರ್”. ಮೊದಲನೆಯದರಲ್ಲಿ “ಆ ದಿನದಂದು ಭೇಟಿಯಾದೆವು”, ಎರಡನೆಯದರಲ್ಲಿ “ಆ ದಿನವನ್ನು ನೆನೆಯುತ್ತೇನೆ”.

‘ಹೂಸ್’

ಬಿಡಿಸಿದಾಗ ‘ಅವನ, ಅವಳ, ಅದರ’ ಬಂದರೆ ‘ಹೂಸ್’. “ಮಗ ಅಮೆರಿಕದಲ್ಲಿರುವ ಅಮ್ಮ” ಅಂದರೆ “ಅವರ ಮಗ ಅಮೆರಿಕದಲ್ಲಿದ್ದಾನೆ”: “ದಿ ಮದರ್ ಹೂಸ್ ಸನ್ ಈಸ್ ಇನ್ ಅಮೆರಿಕ”. ವಸ್ತುಗಳಿಗೂ ಇದು ಸಲ್ಲುತ್ತದೆ. “ಹೆಂಚು ಒಡೆದ ಮನೆ” ಅನ್ನುವುದಕ್ಕೆ “ಎ ಹೌಸ್ ಹೂಸ್ ಟೈಲ್ಸ್ ಆರ್ ಬ್ರೋಕನ್” ಅಂತ ಧೈರ್ಯವಾಗಿ ಬರೆಯಿರಿ. “ದಿ ಟೈಲ್ಸ್ ಆಫ್ ವಿಚ್” ಸರಿಯೇ, ಆದರೆ ಎಳೆದಂತಿರುತ್ತದೆ. ಮಧ್ಯೆ ಅಪಾಸ್ಟ್ರಫಿ ಚಿಹ್ನೆ ಇರುವ ಇನ್ನೊಂದು ರೂಪ (who’s) ಇದರಂತೆಯೇ ಕೇಳಿಸುತ್ತದೆ. ಅದರ ಅರ್ಥ ‘ಹೂ ಈಸ್’ ಅಥವಾ ‘ಹೂ ಹ್ಯಾಸ್’, ಬೇರೆಯೇ ಮಾತು.

‘ದಟ್’ ಅಥವಾ ‘ವಾಟ್’?

“ಎವ್ರಿಥಿಂಗ್ ವಾಟ್ ಹಿ ಸೆಡ್” ಅನ್ನುವುದನ್ನು ದಿನಾ ಕೇಳುತ್ತೇವೆ. ಇಲ್ಲಿ ಕನ್ನಡವೇ ನೇರವಾಗಿ ದಾರಿ ತೋರಿಸುತ್ತದೆ. “ಅವನು ಹೇಳಿದ ಮಾತು” ಅನ್ನುವಲ್ಲಿ ‘ಹೇಳಿದ’ ಆದ ಮೇಲೆ ಒಂದು ಹೆಸರು ಇದೆ. ಹಾಗಿದ್ದರೆ ‘ದಟ್’: “ದಿ ವರ್ಡ್ಸ್ ದಟ್ ಹಿ ಸೆಡ್”. “ಅವನು ಹೇಳಿದ್ದು” ಅನ್ನುವಲ್ಲಿ ಹೆಸರು ಇಲ್ಲ, ‘ಹೇಳಿದ್ದು’ ಒಳಗೇ ‘ಅದು’ ಸೇರಿಕೊಂಡಿದೆ. ಅಲ್ಲಿ ‘ವಾಟ್’: “ವಾಟ್ ಹಿ ಸೆಡ್ ಈಸ್ ಟ್ರೂ”. ‘ನೋಡಿದ್ದು, ಬೇಕಾದದ್ದು, ಆಗುವುದು’ ಅನ್ನುವ ರೂಪಗಳಿಗೆಲ್ಲ ‘ವಾಟ್’ ಹಾಕಿ ನೋಡಿ, ಸರಿಯಾಗಿ ಕೂರುತ್ತದೆ. ‘ಎವ್ರಿಥಿಂಗ್’ ಒಂದು ಹೆಸರು, ಆದ್ದರಿಂದ ಅದರ ಪಕ್ಕ ‘ವಾಟ್’ ನಿಲ್ಲದು.

ಮತ್ತೆ ‘ಇಟ್’ ಹಾಕಬೇಕಾ?

ಬೇಡ. “ದಿ ಫೋನ್ ವಿಚ್ ಐ ಬಾಟ್ ಇಟ್ ಲಾಸ್ಟ್ ಮಂತ್” ಅನ್ನುವಲ್ಲಿ ‘ವಿಚ್’ ಆಗಲೇ ಫೋನನ್ನು ಹೇಳಿಯಾಯಿತು. ಕಚೇರಿ ಪತ್ರಗಳಲ್ಲಿ “ದಿ ಫಾರ್ಮ್ ವಿಚ್ ಯು ಹ್ಯಾವ್ ಟು ಸಬ್ಮಿಟ್ ದಿ ಸೇಮ್” ಅಂತ ಬರುವುದೂ ಇದೇ ತಪ್ಪು. ಬಿಡಿಸಿದಾಗ ಬರುವ ‘ಅದನ್ನು’ ನಮಗೆ ದಾರಿ ತೋರಿಸಲು ಮಾತ್ರ, ಇಂಗ್ಲಿಷಿನಲ್ಲಿ ಅದು ‘ವಿಚ್’ ಆಗಿಬಿಟ್ಟಿದೆ.

ಇದಕ್ಕೆ ಹತ್ತಿರದ ಇನ್ನೊಂದು ಬಳಕೆ ಇದೆ, ಅದು ಸರಿ. “ಹಿ ಕೇಮ್ ಲೇಟ್, ವಿಚ್ ಅಪ್‌ಸೆಟ್ ಹಿಸ್ ಮದರ್.” ಇಲ್ಲಿ ‘ವಿಚ್’ ಒಂದು ವಸ್ತುವನ್ನು ಹೇಳುತ್ತಿಲ್ಲ, ತಡವಾಗಿ ಬಂದ ಇಡೀ ಸಂಗತಿಯನ್ನು ಹೇಳುತ್ತಿದೆ. ಕಾಮಾ ಕಡ್ಡಾಯ, ‘ದಟ್’ ಬರುವುದಿಲ್ಲ.

ಹಾಕಬೇಕಾ, ಬಿಡಬೇಕಾ?

ಬಿಡಿಸಿದಾಗ ‘ಅವನನ್ನು, ಅದನ್ನು’ ಬಂದರೆ, ಕಾಮಾ ಇಲ್ಲದಿದ್ದರೆ, ಈ ಪದವನ್ನೇ ಬಿಟ್ಟುಬಿಡಬಹುದು. “ದಿ ಬುಕ್ ಐ ರೆಡ್”, “ದಿ ಮ್ಯಾನ್ ಐ ಮೆಟ್”. ‘ಹೂ’ನೋ ‘ಹೂಮ್’ನೋ ಅನ್ನುವ ಗೊಂದಲ ಇದ್ದಾಗ ಇದು ಒಳ್ಳೆಯ ದಾರಿ. ಆದರೆ ‘ಅವನು, ಅದು’ ಬಂದರೆ ಬಿಡುವಂತಿಲ್ಲ. “ದಿ ಮ್ಯಾನ್ ಕೇಮ್ ಯೆಸ್ಟರ್ಡೇ ಈಸ್ ಮೈ ಅಂಕಲ್” ಅನ್ನುವಲ್ಲಿ ಓದುವವರು ‘ಯೆಸ್ಟರ್ಡೇ’ಗೆ ವಾಕ್ಯ ಮುಗಿಯಿತು ಅಂದುಕೊಳ್ಳುತ್ತಾರೆ, ‘ಈಸ್’ ಬಂದಾಗ ತಬ್ಬಿಬ್ಬಾಗುತ್ತಾರೆ.

ಇಂಗ್ಲಿಷಿನಲ್ಲೂ ನಮ್ಮ ಕೃದಂತದಂಥ ಒಂದು ರೂಪ ಇದೆ. “ಅಲ್ಲಿ ಕೂತಿರುವ ಹುಡುಗ” ಅನ್ನುವುದಕ್ಕೆ “ದಿ ಬಾಯ್ ಹೂ ಈಸ್ ಸಿಟಿಂಗ್ ದೇರ್” ಅಂತ ಪೂರ್ತಿ ಹೇಳದೆ “ದಿ ಬಾಯ್ ಸಿಟಿಂಗ್ ದೇರ್” ಅಂದರೆ ಸಾಕು. “ಬ್ಯಾಂಕಿನವರು ಕಳಿಸಿದ ಪತ್ರ” ಅನ್ನುವುದಕ್ಕೆ “ದಿ ಲೆಟರ್ ಸೆಂಟ್ ಬೈ ದಿ ಬ್ಯಾಂಕ್”. ಕೂತಿರುವವನು ಹುಡುಗನೇ ಆದರೆ ‘ಇಂಗ್’ ರೂಪ, ಪತ್ರವನ್ನು ಬೇರೆಯವರು ಕಳಿಸಿದ್ದಾದರೆ ‘ಸೆಂಟ್’, ‘ರಿಟನ್’, ‘ಮೇಡ್’ ಥರದ ರೂಪ. ಎರಡು ಮೂರು ‘ವಿಚ್’ ಒಂದೇ ವಾಕ್ಯದಲ್ಲಿ ಸಾಲಾಗಿ ಬಂದಿದ್ದರೆ ಒಂದನ್ನಾದರೂ ಹೀಗೆ ಬದಲಾಯಿಸಿ, ಉಳಿದದ್ದನ್ನು ಬೇರೆ ವಾಕ್ಯ ಮಾಡಿ.